ಹೆಸರು ಎಲ್ಲಿ ಸಿಕ್ತೋ, ದುಡ್ಡು ಅಲ್ಲಿಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ, ಮೆಟ್ರೋದಲ್ಲಿ, ಪಾತ್ರೆ ತೊಳೀತಾ, ವಾಕಿಂಗ್ ಮಾಡ್ತಾ ಕೇಳ್ತಿರೋ ಎಲ್ಲರಿಗೂ ಸ್ವಾಗತ. ಒಂದೇ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಆಫೀಸಲ್ಲಿ ಕದ್ದು ಕೇಳ್ತಿರೋರಿಗೆ ಸ್ವಲ್ಪ ಜಾಸ್ತಿ ಸ್ವಾಗತ.

ಹೋದ ಸಂಚಿಕೆಯಲ್ಲಿ ಮಾತಿನ ಮಧ್ಯೆ ನಾನು ಪುಸ್ತಕದಂಗಡಿಗೆ ಹೋಗಿದ್ದೆ ಅಂತ ಹೇಳಿದ್ದೆ. ಅದಕ್ಕೆ ದಾವಣಗೆರೆಯ ಒಬ್ಬ ವಿದ್ಯಾರ್ಥಿ ವಾಯ್ಸ್ ಮೆಸೇಜ್ ಕಳಿಸಿದ್ರು. “ಅಕ್ಕಾ, ಅದೇ ಪುಸ್ತಕ ಆನ್‌ಲೈನ್‌ನಲ್ಲಿ ಕಮ್ಮಿಗೆ ಸಿಗತ್ತೆ, ಮನೆ ಬಾಗಿಲಿಗೇ ಬರತ್ತೆ. ಮತ್ಯಾಕೆ ಬಸ್ ಚಾರ್ಜ್ ಕೊಟ್ಟು ಅಂಗಡಿಗೆ ಹೋಗ್ಬೇಕು? ಪುಸ್ತಕದ ವಾಸನೆ ಗೀಸನೆ ಅಂತ ಮಾತ್ರ ಹೇಳ್ಬೇಡಿ. ನೀವು ಬಿ.ಕಾಂ. ತಾನೇ, ಲೆಕ್ಕ ಹೇಳಿ.”

ಪ್ರಶ್ನೆ ನಂಗೆ ತುಂಬಾ ಇಷ್ಟ ಆಯ್ತು. ಸರಿ, ಇವತ್ತು ವಾಸನೆಯ ಸುದ್ದಿ ಇಲ್ಲ. ಲೆಕ್ಕಾನೇ ಮಾಡೋಣ. ಲೆಕ್ಕ ಮಾಡಿದ ಮೇಲೂ ಅಂಗಡಿ ಉಳಿಯತ್ತಾ ನೋಡೋಣ.

ಮೊದಲು ಆನ್‌ಲೈನ್ ಪರವಾಗಿ ವಾದ ಮಾಡ್ತೀನಿ. ಯಾಕಂದ್ರೆ ಅಂಗಡಿಯ ಸುಖದ ಬಗ್ಗೆ ಬರೆಯೋರು, ಮಾತಾಡೋರು ಬಹುತೇಕ ದೊಡ್ಡ ಊರಿನವರು. ಅವರಿಗೆ ಅಂಗಡಿ ಇದೆ, ಅದಕ್ಕೇ ಸುಖ ಇದೆ. ನಾನು ಬೆಳೆದದ್ದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ. ಅಲ್ಲಿ “ಬುಕ್ ಸ್ಟಾಲ್” ಅಂತ ಬೋರ್ಡ್ ಇದ್ದ ಅಂಗಡಿ ಮೂರು ಇತ್ತು. ನೋಟ್‌ಬುಕ್ಕು, ಗೈಡು, ಜಾಮಿಟ್ರಿ ಬಾಕ್ಸು, ಲ್ಯಾಮಿನೇಷನ್ನು, ಜೆರಾಕ್ಸು, ಮದುವೆ ಸೀಸನ್‌ನಲ್ಲಿ ಲಗ್ನಪತ್ರಿಕೆ. ಅವುಗಳಲ್ಲಿ ಒಂದಕ್ಕೆ ಹೋಗಿ “ಅಂಕಲ್, ಕಾದಂಬರಿ ಇದ್ಯಾ?” ಅಂತ ಕೇಳಿದ್ರೆ, “ಯಾವ ಕ್ಲಾಸಿಗಮ್ಮಾ?” ಅಂತ ಕೇಳೋರು.

ತಮಾಷೆ ಅಲ್ಲ ಇದು. ನಮ್ಮ ರಾಜ್ಯದ ಎಷ್ಟೋ ತಾಲ್ಲೂಕುಗಳಲ್ಲಿ ಇವತ್ತಿಗೂ ಪುಸ್ತಕ ಅಂದ್ರೆ ಪಠ್ಯಪುಸ್ತಕ. ಅಂಥ ಊರಿನ ಹುಡುಗಿಗೆ ಒಂದು ಕಾದಂಬರಿ ಬೇಕು ಅಂದ್ರೆ ಆನ್‌ಲೈನ್ ಅನ್ನೋದು ಆಯ್ಕೆ ಅಲ್ಲ, ಇರೋ ಒಂದೇ ದಾರಿ. ನನ್ನ ದೊಡ್ಡಮ್ಮನ ಮಗಳು ಮಸ್ಕತ್‌ನಲ್ಲಿದ್ದಾಳೆ. ರಾತ್ರಿ ಮಗು ಮಲಗಿದ ಮೇಲೆ ಫೋನಲ್ಲೇ ಕನ್ನಡ ಇ-ಪುಸ್ತಕ ಓದ್ತಾಳೆ. ಅವಳಿಗೆ ಹೋಗಿ ನಾನು “ಅಂಗಡಿಗೆ ಹೋಗೇ, ಅದರ ಮಜಾನೇ ಬೇರೆ” ಅಂದ್ರೆ ಏನರ್ಥ? ಹಾಗಾಗಿ ಆನ್‌ಲೈನ್ ಕೆಟ್ಟದ್ದು ಅನ್ನೋ ಮಾತು ಇವತ್ತು ನನ್ನ ಬಾಯಲ್ಲಿ ಬರಲ್ಲ.

ಇನ್ನೊಂದು ಸ್ವಾರಸ್ಯ ಕೇಳಿ. ಅಮೆಜಾನ್ 1995ರಲ್ಲಿ ವ್ಯಾಪಾರ ಶುರು ಮಾಡಿದ್ದು ಪುಸ್ತಕದಿಂದ. 2007ರಲ್ಲಿ ನಮ್ಮದೇ ಬೆಂಗಳೂರಿನ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಶುರುವಾಗಿದ್ದೂ ಪುಸ್ತಕದಿಂದ. ಯಾಕೆ ಪುಸ್ತಕ? ಕಾಮರ್ಸ್ ಕ್ಲಾಸಲ್ಲಿ ಇದನ್ನು ಚೆನ್ನಾಗಿ ಪಾಠ ಮಾಡಬಹುದು. ಪುಸ್ತಕ ಕೊಳೆಯಲ್ಲ. ಅಂಗಿ ಥರ ಸೈಜು ನೋಡಬೇಕಾಗಿಲ್ಲ, ಗಾಜಿನ ಥರ ಒಡೆಯಲ್ಲ. ಬಹುತೇಕ ಪುಸ್ತಕಗಳಿಗೆ ಐಎಸ್‌ಬಿಎನ್ ಅನ್ನೋ ಒಂದು ನಂಬರ್ ಇರತ್ತೆ, ಆ ನಂಬರಿನ ಪ್ರತಿ ಯಾರ ಹತ್ರ ಕೊಂಡ್ರೂ ಒಂದೇ. ಅದಕ್ಕಿಂತ ಮುಖ್ಯವಾಗಿ, ಜಗತ್ತಿನಲ್ಲಿರೋ ಎಲ್ಲಾ ಪುಸ್ತಕಾನೂ ಇಡೋಕೆ ಯಾವ ಅಂಗಡಿಗೂ ಜಾಗ ಇಲ್ಲ. ಕಂಪ್ಯೂಟರಿನ ಪಟ್ಟಿಗೆ ಮಾತ್ರ ಜಾಗದ ಚಿಂತೆ ಇಲ್ಲ.

ಫ್ಲಿಪ್‌ಕಾರ್ಟ್ ಕಥೆ ಹೇಳೋರೆಲ್ಲ ಒಂದು ಪ್ರಸಂಗ ಹೇಳ್ತಾರೆ. ಶುರುವಿನ ದಿನಗಳಲ್ಲಿ ಅದರ ಇಬ್ಬರು ಸ್ಥಾಪಕರು ಗಿರಾಕಿಗಳನ್ನ ಹುಡುಕ್ಕೊಂಡು ನಿಂತಿದ್ದು ಗಂಗಾರಾಮ್ಸ್ ಪುಸ್ತಕದಂಗಡಿ ಹೊರಗೆ. ಪುಸ್ತಕ ಕೊಂಡು ಹೊರಗೆ ಬರ್ತಿದ್ದವರ ಕೈಗೆ ತಮ್ಮ ವೆಬ್‌ಸೈಟ್ ಹೆಸರಿದ್ದ ಬುಕ್‌ಮಾರ್ಕ್ ಕೊಡ್ತಿದ್ರಂತೆ. ಚುರುಕು ಬುದ್ಧಿ, ಒಪ್ಪಲೇಬೇಕು. ಆದ್ರೆ ಒಂದು ಕ್ಷಣ ಯೋಚಿಸಿ. ಓದುಗರು ಸಿಗೋ ಜಾಗ ಯಾವುದು ಅಂತ ಆನ್‌ಲೈನ್ ಅಂಗಡಿಗೇ ಗೊತ್ತಿತ್ತು. ಆ ಓದುಗರನ್ನ ವರ್ಷಗಟ್ಟಲೆ ಬೆಳೆಸಿದ್ದು ಬಾಗಿಲಿನ ಒಳಗಿದ್ದ ಅಂಗಡಿ. ಈ ಮಾತು ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗತ್ತೆ.

ಈಗ ಲೆಕ್ಕ. ಒಂದು ಕನ್ನಡ ಪುಸ್ತಕ, ಮುಖಬೆಲೆ 200 ರೂಪಾಯಿ ಅಂದ್ಕೊಳ್ಳಿ. ಪ್ರಕಾಶಕರು ಅಂಗಡಿಗೆ 35 ಪರ್ಸೆಂಟ್ ಬಿಟ್ಟು ಕೊಡ್ತಾರೆ ಅಂತ ಇಟ್ಕೊಳ್ಳೋಣ. ಇದು ಉದಾಹರಣೆಗೆ ಹಿಡಿದಿರೋ ಸಂಖ್ಯೆ, ಒಬ್ಬೊಬ್ಬ ಪ್ರಕಾಶಕರದ್ದು ಒಂದೊಂದು ಥರ ಇರತ್ತೆ. ಅಂಗಡಿಗೆ ಪುಸ್ತಕ ಬಿದ್ದದ್ದು 130ಕ್ಕೆ. ಉಳಿಯೋದು 70. ಆಗ ನಾವು ಹೋಗ್ತೀವಿ. ಹೋದ ತಕ್ಷಣ ಕೇಳೋ ಮೊದಲ ಪ್ರಶ್ನೆ, “ಡಿಸ್ಕೌಂಟ್ ಎಷ್ಟು ಸರ್?” ಅವರು 10 ಪರ್ಸೆಂಟ್ ಬಿಡ್ತಾರೆ. ಹೋಯ್ತು 20 ರೂಪಾಯಿ. ಉಳಿದದ್ದು 50.

ದಿನಕ್ಕೆ ಅಂಥ 40 ಪುಸ್ತಕ ಮಾರಿದ್ರು ಅಂದ್ಕೊಳ್ಳಿ. ದಿನಕ್ಕೆ 2,000. ತಿಂಗಳಲ್ಲಿ 26 ದಿನ ಬಾಗಿಲು ತೆಗೆದ್ರೆ 52,000. ಇದರಲ್ಲಿ ಅಂಗಡಿ ಬಾಡಿಗೆ, ಕೆಲಸದವರ ಸಂಬಳ, ಕರೆಂಟ್ ಬಿಲ್ಲು, ಕೊನೆಗೆ ಮಾಲೀಕರ ಮನೆ ಖರ್ಚು. ಬೆಂಗಳೂರಲ್ಲಿ ನಾಲ್ಕು ಜನ ಓಡಾಡೋ ರಸ್ತೆಯಲ್ಲಿ ಬಾಡಿಗೆ ಎಷ್ಟು ಅಂತ ನಿಮಗೇ ಗೊತ್ತು. ಇನ್ನು ಶೆಲ್ಫಲ್ಲಿ 5,000 ಪುಸ್ತಕ ಇದೆ ಅಂದ್ರೆ, ತಲಾ 130ರಂತೆ ಆರೂವರೆ ಲಕ್ಷ ರೂಪಾಯಿ ಅಲ್ಲಿ ಸುಮ್ನೆ ಕೂತಿದೆ. ಕೆಲವು ಪುಸ್ತಕ ನಾಳೆ ಹೋಗತ್ತೆ, ಕೆಲವು ಮೂರು ವರ್ಷ ಆದ್ರೂ ಅಲ್ಲೇ ಇರತ್ತೆ.

ಜಿಎಸ್‌ಟಿ ವಿಷಯ ಒಂದು ಹೇಳ್ಬಿಡ್ತೀನಿ, ಇಲ್ದಿದ್ರೆ ನನ್ನ ಡಿಗ್ರಿಗೆ ಅವಮಾನ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಕೇಳೋಕೆ ಖುಷಿ. ಆದ್ರೆ ಮಾರೋ ವಸ್ತುವಿಗೆ ತೆರಿಗೆ ವಿನಾಯಿತಿ ಇದ್ದಾಗ, ಅಂಗಡಿಯವರು ಬಾಡಿಗೆ ಮೇಲೆ, ಎಸಿ ರಿಪೇರಿ ಮೇಲೆ, ಬಿಲ್ಲಿಂಗ್ ಸಾಫ್ಟ್‌ವೇರ್ ಮೇಲೆ ಕಟ್ಟಿದ ಜಿಎಸ್‌ಟಿ ವಾಪಸ್ ಹಿಡ್ಕೊಳ್ಳೋಕೆ ಆಗಲ್ಲ. ಅದು ಅವರ ತಲೆ ಮೇಲೇ ಕೂರತ್ತೆ.

ಆನ್‌ಲೈನ್‌ನವರಿಗೂ ಖರ್ಚಿದೆ. ಪ್ಯಾಕಿಂಗ್, ಡೆಲಿವರಿ, ವಾಪಸ್ ಬಂದ ಮಾಲು. ಆದ್ರೆ ಅವರ ಗೋಡೌನ್ ಊರ ಹೊರಗಿರತ್ತೆ. ದೊಡ್ಡ ತಾಣ ಆದ್ರೆ ಪುಸ್ತಕದಲ್ಲಿ ಲಾಭ ಬರದಿದ್ರೂ ಚಿಂತೆ ಇಲ್ಲ, ನೀವು ಪುಸ್ತಕ ನೋಡೋಕೆ ಬಂದು ಮಿಕ್ಸಿ ತಗೊಂಡ್ರೆ ಸಾಕು. ನಮ್ಮ ಅಂಗಡಿಯವರ ಹತ್ರ ಮಿಕ್ಸಿ ಇಲ್ಲ.

ಅಂದ್ರೆ ಬೆಲೆ ಒಂದನ್ನೇ ನೋಡಿದ್ರೆ ಬಹಳ ಸಲ ಆನ್‌ಲೈನ್ ಗೆಲ್ಲತ್ತೆ. ಸಂಚಿಕೆ ಮುಗೀತು, ಎಲ್ರೂ ಮನೆಗೆ ಹೋಗಿ!

ಇಲ್ಲ, ಇರಿ. ಈ ಲೆಕ್ಕದಲ್ಲಿ ಒಂದು ಕಾಲಮ್ ಬಿಟ್ಟುಹೋಗಿದೆ. ಪುಸ್ತಕದ ಬೆಲೆ ಬರೆದ್ವಿ. ಆ ಪುಸ್ತಕ ನಿಮಗೆ ಬೇಕು ಅಂತ ನಿಮಗೆ ಗೊತ್ತಾಗೋಕೆ ಎಷ್ಟು ಖರ್ಚಾಯ್ತು? ಆ ಖರ್ಚು ಯಾರು ಹಾಕಿದ್ರು? ಅರ್ಥಶಾಸ್ತ್ರದಲ್ಲಿ ಇದಕ್ಕೆ ಹುಡುಕಾಟದ ವೆಚ್ಚ ಅಂತಾರೆ. ಮೊಬೈಲಿನ ಸರ್ಚ್ ಬಾಕ್ಸ್ ಏನು ಕೇಳತ್ತೆ? ಹೆಸರು. ಪುಸ್ತಕದ ಹೆಸರು ಅಥವಾ ಬರೆದವರ ಹೆಸರು. ಹೆಸರು ಗೊತ್ತಿದ್ರೆ ಹತ್ತು ಸೆಕೆಂಡಿನ ಕೆಲಸ. ಗೊತ್ತಿಲ್ದಿದ್ರೆ?

ನನ್ನಂಥವರಿಗೆ ಗೊತ್ತಿರಲಿಲ್ಲ. ಇಂಗ್ಲಿಷ್ ಮೀಡಿಯಂ ಸ್ಕೂಲು, ಆಮೇಲೆ ಕಾಮರ್ಸು. ಕನ್ನಡ ಇತ್ತು, ಪಾಸಾಗೋಕೆ ಬೇಕಾದಷ್ಟು. ಪಠ್ಯದಲ್ಲಿ ಬಂದ ಒಂದಷ್ಟು ದೊಡ್ಡ ಹೆಸರು ಬಿಟ್ರೆ ನನ್ನ ತಲೆಯಲ್ಲಿ ಕನ್ನಡ ಸಾಹಿತ್ಯದ ಪಟ್ಟಿ ಖಾಲಿ. ನನ್ನ ಥರದವರು ಲಕ್ಷಗಟ್ಟಲೆ ಇದ್ದೀವಿ. ಕನ್ನಡ ಓದೋಕೆ ಬರತ್ತೆ, ಓದ್ಬೇಕು ಅಂತ ಆಸೆನೂ ಇದೆ, ಏನು ಓದ್ಬೇಕು ಅಂತ ಗೊತ್ತಿಲ್ಲ. ನಮಗೆ ಸರ್ಚ್ ಬಾಕ್ಸ್ ಅಂದ್ರೆ, ಬೀಗ ಇದೆ, ಕೀಲಿ ಇಲ್ಲ.

ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಬಂದು ಒಂದು ಆಡಿಟ್ ಆಫೀಸಿಗೆ ಸೇರಿದ್ದೆ. ಒಂದು ಶನಿವಾರ ಸಂಜೆ ಬಸವನಗುಡಿ ಕಡೆ ಒಂದು ಚಿಕ್ಕ ಕನ್ನಡ ಪುಸ್ತಕದಂಗಡಿಗೆ ಹೋದೆ. ಒಳಗೆ ಹೋಗಿ ಸುಮ್ನೆ ಬೆನ್ನುಗಳನ್ನ ಓದ್ತಾ ನಿಂತಿದ್ದೆ, ಪುಸ್ತಕದ ಬೆನ್ನು. ಕೌಂಟರಲ್ಲಿ ಇದ್ದ ಹಿರಿಯರು ಹತ್ತು ನಿಮಿಷ ನೋಡಿದ್ರು. ಆಮೇಲೆ ಕೇಳಿದ್ರು, “ಏನಮ್ಮಾ, ಯಾವುದು ಬೇಕಿತ್ತು?”

“ಗೊತ್ತಿಲ್ಲ ಸರ್, ನೋಡ್ತಿದ್ದೀನಿ.”

“ಏನ್ ಕೆಲಸ ಮಾಡ್ತೀರಿ?”

“ಆಡಿಟ್ ಆಫೀಸಲ್ಲಿ ಇದ್ದೀನಿ.”

“ಆಫೀಸಲ್ಲಿ ರಾಜಕೀಯ ಜಾಸ್ತಿನಾ?”

ನಂಗೆ ನಗು ಬಂತು. ಆ ವಾರ ಪೂರ್ತಿ ಅದೇ ಆಗಿತ್ತು. ಅವರು ಸ್ಟೂಲ್ ಎಳ್ಕೊಂಡು, ಹತ್ತಿ, ಮೇಲಿನ ಸಾಲಿಂದ ಒಂದು ದಪ್ಪ ಪುಸ್ತಕ ತೆಗೆದ್ರು. ಯಶವಂತ ಚಿತ್ತಾಲರ ‘ಶಿಕಾರಿ’. “ಇದರಲ್ಲಿ ಇರೋದು ಅದೇ. ಬಾಂಬೆ ಆಫೀಸು. ಮೊದಲ ಐವತ್ತು ಪುಟ ಸ್ವಲ್ಪ ತಾಳ್ಮೆ ಇಟ್ಕೊಳ್ಳಿ, ಆಮೇಲೆ ಅದೇ ನಿಮ್ಮನ್ನ ಬಿಡಲ್ಲ.”

‘ಶಿಕಾರಿ’ ಬಂದದ್ದು 1979ರಲ್ಲಿ. ನಾನು ಹುಟ್ಟೋಕೂ ಎಷ್ಟೋ ಮುಂಚೆ. ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯವರು, ಮುಂಬಯಿಯಲ್ಲಿ ರಾಸಾಯನಿಕ ಉದ್ಯಮದಲ್ಲಿ ಕೆಲಸ ಮಾಡಿದವರು. ಕಾದಂಬರಿಯಲ್ಲಿ ನಾಗಪ್ಪ ಅನ್ನೋ ಅಧಿಕಾರಿಯನ್ನ ಕಂಪನಿ ಇದ್ದಕ್ಕಿದ್ದಂತೆ ಸಸ್ಪೆಂಡ್ ಮಾಡತ್ತೆ. ಯಾಕೆ ಅಂತ ಅವನಿಗೇ ಗೊತ್ತಿಲ್ಲ. ಯಾರು ಯಾರ ಹಿಂದೆ ಇದ್ದಾರೆ, ಯಾವ ಮಾತಿಗೆ ಯಾವ ಅರ್ಥ, ಅಂತ ಅವನು ಒದ್ದಾಡ್ತಾ ಹೋಗ್ತಾನೆ. ಓದ್ತಾ ಓದ್ತಾ ನನ್ನ ಆಫೀಸಿನ ಕಾರಿಡಾರ್ ಕಾಣಿಸ್ತು. ನನ್ನ ಕೆಲಸದ ಬಗ್ಗೆ, ನನ್ನ ಭಾಷೆಯಲ್ಲಿ, ನನಗಿಂತ ಮುಂಚೆ ಯಾರೋ ಇಷ್ಟು ಆಳವಾಗಿ ಯೋಚಿಸಿದ್ದಾರೆ ಅಂತ ಗೊತ್ತಾದಾಗ ಆಗೋ ಸಮಾಧಾನ ಇದ್ಯಲ್ಲ, ಅದಕ್ಕೆ ಮುಖಬೆಲೆ ಹಾಕೋಕಾಗಲ್ಲ.

ಈಗ ನೀವೇ ಹೇಳಿ, ಈ ಪುಸ್ತಕ ನಾನು ಆನ್‌ಲೈನ್‌ನಲ್ಲಿ ಹೇಗೆ ಹುಡುಕ್ತಿದ್ದೆ? “ಆಫೀಸ್ ರಾಜಕೀಯ” ಅಂತ ಹಾಕಿದ್ರೆ ನಂಗೆ ಸಿಗೋದು ಬಾಸ್‌ನ ಮೆಚ್ಚಿಸೋದು ಹೇಗೆ ಅನ್ನೋ ಥರದ ಪುಸ್ತಕಗಳು. “ಶಿಕಾರಿ” ಅಂತ ಹಾಕೋಕೆ ಆ ಹೆಸರು ಮೊದಲೇ ಗೊತ್ತಿರ್ಬೇಕು. ಅಂಗಡಿಯವರು ಮಾಡಿದ್ದೇನು? ಪುಸ್ತಕದ ಬಗ್ಗೆ ಕೇಳ್ಲಿಲ್ಲ, ನನ್ನ ಬಗ್ಗೆ ಕೇಳಿದ್ರು. ಎರಡು ಪ್ರಶ್ನೆ, ಅಷ್ಟೇ.

ಕೆಲವರು ಹೇಳ್ತಾರೆ, ಆಪ್ ಕೂಡ ನಮ್ಮನ್ನ ತಿಳ್ಕೊಳ್ಳತ್ತಲ್ಲ, “ಇದನ್ನು ಕೊಂಡವರು ಅದನ್ನೂ ಕೊಂಡರು” ಅಂತ ತೋರಿಸತ್ತಲ್ಲ ಅಂತ. ಹೌದು, ತೋರಿಸತ್ತೆ. ಆದ್ರೆ ಆ ಲೆಕ್ಕಾಚಾರಕ್ಕೆ ಸಾವಿರಾರು ಜನರ ಖರೀದಿಯ ಮಾಹಿತಿ ಬೇಕು. ಇಂಗ್ಲಿಷ್ ಬೆಸ್ಟ್ ಸೆಲ್ಲರ್‌ಗೆ ಅದು ಸಿಗತ್ತೆ. ಕನ್ನಡದಲ್ಲಿ ಎಷ್ಟೋ ಒಳ್ಳೆ ಪುಸ್ತಕಗಳ ಒಂದು ಮುದ್ರಣ ಅಂದ್ರೇನೇ ಸಾವಿರ ಪ್ರತಿ ಅಥವಾ ಅದಕ್ಕೂ ಕಮ್ಮಿ. ಅದರಲ್ಲಿ ಒಂದು ತಾಣದಲ್ಲಿ ಮಾರಾಟ ಆಗೋದು ಎಷ್ಟು? ನಾಲ್ಕು ಜನ ಕೊಂಡ ಪುಸ್ತಕದಿಂದ ಯಂತ್ರ ಏನು ಕಲಿಯತ್ತೆ? ಹಾಗಾಗಿ ಅದು ಎಲ್ಲರಿಗೂ ಮೊದಲೇ ಗೊತ್ತಿರೋ ಹೆಸರುಗಳನ್ನೇ ತಿರುಗಿಸಿ ತಿರುಗಿಸಿ ತೋರಿಸತ್ತೆ. ಗೊತ್ತಿರೋದು ಇನ್ನೂ ಗೊತ್ತಾಗತ್ತೆ, ಗೊತ್ತಿಲ್ಲದ್ದು ಹಾಗೇ ಉಳಿಯತ್ತೆ.

ಮೇಲೆ ಸ್ಪೆಲಿಂಗ್ ಕಷ್ಟ ಬೇರೆ. ತೇಜಸ್ವಿಯವರ ‘ಕರ್ವಾಲೊ’ ಹುಡುಕ್ಬೇಕು, ಫೋನಲ್ಲಿ ಕನ್ನಡ ಕೀಲಿಮಣೆ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ‘ಕೆ’ ಇಂದ ಶುರು ಮಾಡೋದಾ, ‘ಸಿ’ ಇಂದಾನಾ? ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬರೆಯೋಕೆ ಎಷ್ಟು ‘ಹೆಚ್’ ಬೇಕು? ಅಪ್‌ಲೋಡ್ ಮಾಡಿದವರು ಒಂದು ಥರ ಬರೆದಿರ್ತಾರೆ, ನೀವು ಇನ್ನೊಂದು ಥರ ಬರೀತೀರ, ಪುಸ್ತಕ ಇದ್ರೂ “ಸಿಗಲಿಲ್ಲ” ಅಂತ ಬರತ್ತೆ. ಅಂಗಡಿಯಲ್ಲಿ “ಸರ್, ಅದೇ, ಹಾರೋ ಓತಿ ಬರತ್ತಲ್ಲ, ಆ ಪುಸ್ತಕ” ಅಂದ್ರೂ ಸಾಕು.

ಇನ್ನು ಶೆಲ್ಫ್. ಅವತ್ತು ‘ಶಿಕಾರಿ’ ಇದ್ದ ಸಾಲಲ್ಲೇ ಪಕ್ಕದಲ್ಲಿ ಜಯಂತ ಕಾಯ್ಕಿಣಿ ಇದ್ರು, ಅವರ ಪಕ್ಕ ವಿವೇಕ ಶಾನಭಾಗ. ಆಗ ನಂಗೆ ಅದು ಕಾಕತಾಳೀಯ ಅನ್ಸಿತ್ತು. ಓದ್ತಾ ಹೋದ ಮೇಲೆ ಗೊತ್ತಾಯ್ತು, ಮೂವರೂ ಉತ್ತರ ಕನ್ನಡದವರು, ಮೂವರೂ ದೊಡ್ಡ ಊರಿನ ಕೆಲಸ, ದುಡ್ಡು, ಬಾಡಿಗೆ ಮನೆ, ಒಂಟಿತನ ಇವುಗಳ ಬಗ್ಗೆ ಬರೆದವರು. ಚಿತ್ತಾಲರ ಮತ್ತು ಕಾಯ್ಕಿಣಿಯವರ ಮುಂಬಯಿ ಅಕ್ಕಪಕ್ಕ ಇಟ್ಟು ನೋಡಿದ್ರೆ ಬೇರೇನೇ ಕಾಣತ್ತೆ. ‘ಘಾಚರ್ ಘೋಚರ್’ನಲ್ಲಂತೂ ಒಂದು ಮನೆಗೆ ಮಸಾಲೆ ವ್ಯಾಪಾರದಿಂದ ದುಡ್ಡು ಬಂದ ಮೇಲೆ ಏನೇನಾಗತ್ತೆ ಅನ್ನೋದೇ ಕಥೆ. ಯಾವ ಕಾಮರ್ಸ್ ಪಠ್ಯದಲ್ಲೂ ನಂಗೆ ಅದು ಸಿಕ್ಕಿರಲಿಲ್ಲ. ಆ ಸಾಲನ್ನ ಹಾಗೆ ಜೋಡಿಸಿದವರು ಓದಿ ಜೋಡಿಸಿದ್ರು. ಒಂದು ಮಾತೂ ಆಡದೆ ಪಾಠ ಮಾಡಿದ್ರು.

ಇದಕ್ಕೆ ಉಲ್ಟಾ ಉದಾಹರಣೆ ಅಮೆಜಾನ್‌ನದ್ದೇ ಇದೆ. 2015ರಲ್ಲಿ ಅವರು ಸಿಯಾಟಲ್‌ನಲ್ಲಿ ನಿಜವಾದ ಪುಸ್ತಕದಂಗಡಿ ತೆರೆದ್ರು, ಇಟ್ಟಿಗೆ ಗೋಡೆಯದ್ದೇ. ಪುಸ್ತಕಗಳ ಮುಖಪುಟ ಹೊರಗೆ ಕಾಣೋ ಹಾಗೆ ಜೋಡಿಸಿ, ಕೆಳಗೆ ಗಿರಾಕಿಗಳ ಸ್ಟಾರ್ ರೇಟಿಂಗ್ ಹಾಕಿದ್ರು. ಯಾವ ಪುಸ್ತಕ ಇಡ್ಬೇಕು ಅನ್ನೋದರಲ್ಲಿ ಆನ್‌ಲೈನ್ ಮಾಹಿತಿಯದ್ದೇ ದೊಡ್ಡ ಪಾತ್ರ. 2022ರಲ್ಲಿ ಆ ಪುಸ್ತಕದಂಗಡಿಗಳನ್ನೆಲ್ಲ ಮುಚ್ಚುತ್ತೀವಿ ಅಂತ ಹೇಳಿದ್ರು. ಮುಚ್ಚೋಕೆ ಕಾರಣ ಹಲವಾರು ಇರಬಹುದು. ನಂಗೆ ಅನ್ಸೋದು ಇಷ್ಟು: ಮೊಬೈಲಲ್ಲಿ ಸಿಗೋ ಪಟ್ಟಿಯನ್ನೇ ಗೋಡೆಗೆ ಹಚ್ಚಿದ್ರೆ, ಅದನ್ನ ನೋಡೋಕೆ ಯಾರು ಚಪ್ಪಲಿ ಹಾಕ್ಕೊಂಡು ಹೊರಡ್ತಾರೆ?

ನಮ್ಮಲ್ಲಿ ಜನ ಚಪ್ಪಲಿ ಹಾಕ್ಕೊಂಡು ಹೋಗ್ತಿದ್ದದ್ದು ಮನುಷ್ಯರ ಹತ್ರ. ಬೆಂಗಳೂರಿನ ಮ್ಯೂಸಿಯಂ ರಸ್ತೆಯಲ್ಲಿ ಟಿ.ಎಸ್. ಶಾನಭಾಗ್ ಅವರ ಪ್ರೀಮಿಯರ್ ಬುಕ್‌ಶಾಪ್ ಇತ್ತು. 1971ರಲ್ಲಿ ಶುರುವಾದದ್ದು. ನಾನು ನೋಡಿಲ್ಲ, ಹಿರಿಯರು ಹೇಳಿದ್ದು, ಓದಿದ್ದು. ಪುಟ್ಟ ಜಾಗ, ನೆಲದಿಂದ ಮೇಲಿನವರೆಗೆ ಪುಸ್ತಕದ ರಾಶಿ. ಯಾರಿಗೂ ದಾರಿ ಕಾಣದ ಆ ರಾಶಿಯಲ್ಲಿ ಯಾವ ಪುಸ್ತಕ ಎಲ್ಲಿದೆ ಅಂತ ಅವರಿಗೆ ಗೊತ್ತಿತ್ತು. ಯಾವ ಗಿರಾಕಿಗೆ ಯಾವುದು ಬೇಕಾಗಬಹುದು ಅಂತಾನೂ ಗೊತ್ತಿತ್ತು.

ಚರ್ಚ್ ಸ್ಟ್ರೀಟಿನ ಬ್ಲಾಸಮ್ 2001ರಲ್ಲಿ ಶುರುವಾಯ್ತು. ಅದನ್ನ ಕಟ್ಟಿದ ಮಾಯಿಗೌಡರು ಇಂಜಿನಿಯರಿಂಗ್ ಓದೋವಾಗ ಖರ್ಚಿಗೆ ಅಂತ ಎಂ.ಜಿ. ರಸ್ತೆಯ ಫುಟ್‌ಪಾತಲ್ಲಿ ಹಳೆ ಪುಸ್ತಕ ಮಾರ್ತಿದ್ದವರು. ಧಾರವಾಡಕ್ಕೆ ಹೋದ್ರೆ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಇದೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಸಂಸ್ಥೆ. ಗಿರೀಶ ಕಾರ್ನಾಡರ ‘ಯಯಾತಿ’ ಪ್ರಕಟ ಆಗಿದ್ದು ಅಲ್ಲಿಂದಲೇ. ಇನ್ನೂ ಹಿಂದೆ ಹೋದ್ರೆ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕದ ಗಂಟು ಹೊತ್ಕೊಂಡು ಊರೂರು ತಿರುಗಿ ಮಾರಿದವರು. ಆಗ ಜನ ಅಂಗಡಿಗೆ ಹೋಗ್ತಿರಲಿಲ್ಲ, ಅಂಗಡಿಯೇ ಜನರ ಹತ್ರ ನಡ್ಕೊಂಡು ಬರ್ತಿತ್ತು. ಮನೆ ಬಾಗಿಲಿಗೆ ಡೆಲಿವರಿ, ನೂರು ವರ್ಷದ ಹಿಂದೆಯೇ! ಜೊತೆಗೆ ಬರೆದವರೇ ಬಂದು ಅದು ಯಾಕೆ ಓದ್ಬೇಕು ಅಂತಾನೂ ಹೇಳ್ತಿದ್ರು.

ಇಂಥ ಅಂಗಡಿಗಳು ಮುಚ್ಚೋದು ಸುದ್ದಿ ಆಗತ್ತೆ. ಪ್ರೀಮಿಯರ್ 2009ರಲ್ಲಿ ಮುಚ್ತು. ಮಂಗಳೂರಲ್ಲಿ ಜಿ.ಎನ್. ಅಶೋಕವರ್ಧನ ಅವರು 1975ರಿಂದ ನಡೆಸ್ತಿದ್ದ ಅತ್ರಿ ಬುಕ್ ಸೆಂಟರ್ 2012ರಲ್ಲಿ. ಅವರು ತಮ್ಮ ಅನುಭವದ ಪುಸ್ತಕಕ್ಕೆ ಇಟ್ಟ ಹೆಸರು ‘ಪುಸ್ತಕ ಮಾರಾಟ ಹೋರಾಟ’. ಹೆಸರಲ್ಲೇ ಎಲ್ಲಾ ಇದೆ. ಇದನ್ನೆಲ್ಲ ಆನ್‌ಲೈನ್ ತಲೆಗೆ ಕಟ್ಟೋದು ನ್ಯಾಯ ಅಲ್ಲ. 2009ರಲ್ಲಿ ಫ್ಲಿಪ್‌ಕಾರ್ಟ್‌ಗೆ ಎರಡು ವರ್ಷ ವಯಸ್ಸು, ಅಮೆಜಾನ್ ಭಾರತದಲ್ಲಿ ಮಾರಾಟ ಶುರು ಮಾಡಿದ್ದೇ 2013ರಲ್ಲಿ. ಪುಸ್ತಕದಂಗಡಿಗಳು ಮುಚ್ಚೋದು ಬಾಡಿಗೆಯಿಂದ, ಮಾಲೀಕರ ವಯಸ್ಸಿನಿಂದ, ಮುಂದೆ ನಡೆಸೋರು ಇಲ್ಲದ್ದರಿಂದ. ಆದ್ರೆ ಮುಂದೆ ನಡೆಸೋರು ಯಾಕಿಲ್ಲ? ನಾನು ಆಗಲೇ ಹೇಳಿದ 52,000ದ ಲೆಕ್ಕ ನೋಡಿ. ಯಾವ ಮಗಳು, ಯಾವ ಮಗ ಆ ಕೌಂಟರ್ ಹಿಂದೆ ಬಂದು ಕೂರ್ತಾರೆ? ನಾವು ಕೇಳೋ ಡಿಸ್ಕೌಂಟು ಆ ಲೆಕ್ಕಕ್ಕೆ ಇನ್ನೊಂದು ತೂತು ಮಾಡತ್ತೆ.

ಈಗ ಇನ್ನೊಂದು ಅಭ್ಯಾಸ ಬಂದಿದೆ. ಅಂಗಡಿಯಲ್ಲಿ ನೀವೂ ನೋಡಿರ್ತೀರ. ಶೆಲ್ಫಿಂದ ಪುಸ್ತಕ ತೆಗೀತಾರೆ, ಮುಖಪುಟದ ಫೋಟೋ ತೆಗೀತಾರೆ, ವಾಪಸ್ ಇಡ್ತಾರೆ, ಅಲ್ಲೇ ನಿಂತು ಆಪ್‌ನಲ್ಲಿ ಬೆಲೆ ನೋಡ್ತಾರೆ. 30 ರೂಪಾಯಿ ಕಮ್ಮಿ, ಆರ್ಡರ್. ಇಲ್ಲಿ ನಡೆದದ್ದೇನು? ಹುಡುಕಾಟದ ಖರ್ಚು ಅಂಗಡಿಯದ್ದು. ಬಾಡಿಗೆ ಕಟ್ಟಿ, ಬಂಡವಾಳ ಹಾಕಿ, ಓದಿ, ಜೋಡಿಸಿ ಆ ಹೆಸರನ್ನ ಕಣ್ಣಿಗೆ ಬೀಳೋ ಹಾಗೆ ಮಾಡಿದ್ದು ಅವರು. ಬಿಲ್ಲು ಬೇರೆಯವರದ್ದು. ಗಂಗಾರಾಮ್ಸ್ ಹೊರಗಿನ ಬುಕ್‌ಮಾರ್ಕ್ ಕಥೆ ನೆನಪಾಯ್ತಾ? ಆಗ ಬಾಗಿಲಿನ ಹೊರಗೆ ನಿಂತಿದ್ದ ಆನ್‌ಲೈನು ಈಗ ನಮ್ಮ ಜೇಬಿನಲ್ಲಿ ಕೂತು ಶೆಲ್ಫಿನ ತನಕ ಬಂದಿದೆ.

ಫ್ರಾನ್ಸ್‌ನಲ್ಲಿ ಇದಕ್ಕೆ ಕಾನೂನು ಮಾಡಿದ್ದಾರೆ. 1981ರಿಂದ ಅಲ್ಲಿ ಹೊಸ ಪುಸ್ತಕದ ಬೆಲೆ ಪ್ರಕಾಶಕರು ನಿಗದಿ ಮಾಡಿದ್ದೇ ಅಂತಿಮ, ಯಾರೇ ಮಾರಿದ್ರೂ 5 ಪರ್ಸೆಂಟ್‌ಗಿಂತ ಹೆಚ್ಚು ರಿಯಾಯಿತಿ ಕೊಡೋ ಹಾಗಿಲ್ಲ. 2014ರಲ್ಲಿ ಆನ್‌ಲೈನ್‌ನವರು ಉಚಿತ ಡೆಲಿವರಿ ಕೊಡಬಾರದು ಅಂದ್ರು. ಅಮೆಜಾನ್ ಏನ್ ಮಾಡ್ತು ಗೊತ್ತಾ? ಡೆಲಿವರಿಗೆ ಒಂದೇ ಒಂದು ಸೆಂಟ್ ಚಾರ್ಜ್ ಹಾಕ್ತು. ಆಮೇಲೆ 2023ರಿಂದ, 35 ಯೂರೋಗಿಂತ ಕಮ್ಮಿ ಆರ್ಡರ್‌ಗೆ ಕನಿಷ್ಠ 3 ಯೂರೋ ಡೆಲಿವರಿ ಶುಲ್ಕ ತಗೊಳ್ಳಲೇಬೇಕು ಅಂತ ಆಯ್ತು. ಅಲ್ಲಿ ಅಂಗಡಿಗಳ ನಡುವೆ ಪೈಪೋಟಿ ಇರೋದು ಬೆಲೆಯಲ್ಲಿ ಅಲ್ಲ, ಯಾರು ಚೆನ್ನಾಗಿ ಪುಸ್ತಕ ಆರಿಸಿ ಇಡ್ತಾರೆ ಅನ್ನೋದರಲ್ಲಿ.

ನಮ್ಮಲ್ಲಿ ಅಂಥ ಕಾನೂನು ಇಲ್ಲ. ಬದಲಿಗೆ 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಪುಸ್ತಕಗಳಿಗಿದ್ದ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನೇ ನಿಲ್ಲಿಸ್ತು. ಚಿಕ್ಕ ಪ್ರಕಾಶಕರಿಗೆ, ವಾಟ್ಸಾಪ್‌ನಲ್ಲಿ ಆರ್ಡರ್ ತಗೊಂಡು ಹಳ್ಳಿಗೆ ಪುಸ್ತಕ ಕಳಿಸೋ ಅಂಗಡಿಗಳಿಗೆ ಅದು ದೊಡ್ಡ ಆಸರೆ ಆಗಿತ್ತು. ಹೌದು, ಇವತ್ತು ನಮ್ಮ ಎಷ್ಟೋ ಕನ್ನಡ ಅಂಗಡಿ, ಪ್ರಕಾಶಕರು ತಾವೇ ಆನ್‌ಲೈನ್‌ನಲ್ಲೂ ಇದ್ದಾರೆ. ಸಪ್ನ ಇದೆ, ನವಕರ್ನಾಟಕ ಇದೆ, ಹೊಸ ಹುಡುಗ ಹುಡುಗಿಯರು ಶುರು ಮಾಡಿದ ಪುಟ್ಟ ಪುಟ್ಟ ತಾಣಗಳಿವೆ. ಹಾಗಾಗಿ ಇದು ಅಂಗಡಿಗೂ ಮೊಬೈಲಿಗೂ ಜಗಳ ಅಲ್ಲ. ಪ್ರಶ್ನೆ ಇಷ್ಟೇ: ಪುಸ್ತಕವನ್ನ ನಿಮಗೆ ಪರಿಚಯ ಮಾಡಿಸಿದ ಕೆಲಸಕ್ಕೆ ಕೂಲಿ ಯಾರಿಗೆ ಸಿಗ್ತು?

ಅದಕ್ಕೆ ನಾನು ಪಾಲಿಸೋ ನಿಯಮ ಒಂದೇ. ಹೆಸರು ಎಲ್ಲಿ ಸಿಕ್ತೋ, ದುಡ್ಡು ಅಲ್ಲಿಗೆ.

ಅಂಗಡಿಯ ಶೆಲ್ಫಲ್ಲಿ ಪುಸ್ತಕ ಕಂಡಿತಾ? ಅಲ್ಲೇ ಕೊಳ್ಳಿ, 30 ರೂಪಾಯಿ ಜಾಸ್ತಿ ಆದ್ರೂ. ಆ 30 ರೂಪಾಯಿ ನಷ್ಟ ಅಲ್ಲ, ಹುಡುಕಿಕೊಟ್ಟಿದ್ದಕ್ಕೆ ಫೀಸು. ಆಡಿಟರ್‌ಗೆ ಫೀಸ್ ಕೊಡಲ್ವಾ, ಹಾಗೆ. ಪ್ರಕಾಶಕರ ಇನ್‌ಸ್ಟಾಗ್ರಾಂ ಪೋಸ್ಟ್ ನೋಡಿ ಗೊತ್ತಾಯ್ತಾ? ಅವರಿಗೇ ಮೆಸೇಜ್ ಮಾಡಿ ತರಿಸ್ಕೊಳ್ಳಿ. ದೊಡ್ಡ ತಾಣವೇ ನಿಮಗೆ ಹೊಸ ಲೇಖಕರನ್ನ ತೋರಿಸ್ತಾ? ಸಂತೋಷವಾಗಿ ಅಲ್ಲೇ ಕೊಳ್ಳಿ, ಯಾವ ಬೇಜಾರೂ ಬೇಡ. ಸಿಲಬಸ್ ಪುಸ್ತಕ, ಪರೀಕ್ಷೆ ಪುಸ್ತಕ, ಹೆಸರು ಮೊದಲೇ ಗೊತ್ತಿರೋದು, ಎಲ್ಲಿ ಕಮ್ಮಿಯೋ ಅಲ್ಲಿ. ದುಡ್ಡಿಲ್ವಾ? ಲೈಬ್ರರಿ ಇದೆ. ಅಂಗಡಿಗೆ ಹೋಗಿ ಏನೂ ಕೊಳ್ಳದೆ ಬರೋದೂ ತಪ್ಪಲ್ಲ, ಒಳ್ಳೆ ಅಂಗಡಿಯವರು ಬೇಜಾರು ಮಾಡ್ಕೊಳ್ಳಲ್ಲ. ಇವತ್ತು ನೋಡಿ ಹೋದವರು ಸಂಬಳ ಬಂದ ದಿನ ಬರ್ತಾರೆ ಅಂತ ಅವರಿಗೆ ಗೊತ್ತು.

ಮತ್ತೆ ಒಂದು ಸಣ್ಣ ಪ್ರಯೋಗ. ಮುಂದಿನ ಸಲ ಅಂಗಡಿಗೆ ಹೋದಾಗ ಡಿಸ್ಕೌಂಟ್ ಎಷ್ಟು ಅಂತ ಕೇಳೋ ಮೊದಲು, ನೀವು ಏನು ಕೆಲಸ ಮಾಡ್ತೀರ, ಈಚೆಗೆ ಯಾವುದರ ಬಗ್ಗೆ ತಲೆ ಕೆಡಿಸ್ಕೊಂಡಿದ್ದೀರ ಅಂತ ಒಂದೇ ಒಂದು ಮಾತು ಹೇಳಿ ನೋಡಿ. ಎಲ್ಲರೂ ಪುಸ್ತಕ ತೆಗೆದು ಕೊಡಲ್ಲ. ಕೆಲವರು “ಅಲ್ಲಿದೆ ನೋಡ್ಕೊಳ್ಳಿ” ಅಂತಾರೆ, ಬಿಡಿ. ಆದ್ರೆ ಯಾರೋ ಒಬ್ಬರು ಸ್ಟೂಲ್ ಎಳ್ಕೊಂಡು ಹತ್ತಿದ್ರು ಅಂದ್ರೆ, ಆ ಅಂಗಡಿಯನ್ನ ಬಿಡ್ಬೇಡಿ.

ದಾವಣಗೆರೆಯ ಗೆಳೆಯರೇ, ಲೆಕ್ಕ ಕೇಳಿದ್ರಿ, ಲೆಕ್ಕ ಕೊಟ್ಟಿದ್ದೀನಿ. ತಪ್ಪಿದ್ರೆ ತಿದ್ದಿ ಕಳಿಸಿ. ಉಳಿದವರಿಗೆ ಒಂದು ಕೆಲಸ. ನಿಮ್ಮ ಊರಲ್ಲಿ ಗೈಡು, ಜೆರಾಕ್ಸು ಬಿಟ್ಟು ನಿಜವಾಗಿ ಓದೋ ಪುಸ್ತಕ ಇಟ್ಟಿರೋ ಅಂಗಡಿ ಇದ್ಯಾ? ಅಂಗಡಿ ಹೆಸರು, ರಸ್ತೆ, ಅಲ್ಲಿ ನಿಮಗೆ ಸಿಕ್ಕ ಒಂದು ಪುಸ್ತಕದ ಹೆಸರು, ಇಷ್ಟು ವಾಯ್ಸ್ ಮೆಸೇಜ್‌ನಲ್ಲಿ ಕಳಿಸಿ. ಬೀದರ್ ಆಗ್ಲಿ, ಚಾಮರಾಜನಗರ ಆಗ್ಲಿ, ಗಡಿ ಆಚೆ ಕಾಸರಗೋಡು, ಸೊಲ್ಲಾಪುರ ಆಗ್ಲಿ. ಬಂದದ್ದನ್ನೆಲ್ಲ ಸೇರಿಸಿ ಒಂದು ಸಂಚಿಕೆ ಮಾಡೋಣ. ಯಾವ ಜಿಲ್ಲೆಯಿಂದ ಒಂದೂ ಬರಲಿಲ್ಲ ಅನ್ನೋದನ್ನೂ ಅವತ್ತೇ ಓದಿ ಹೇಳ್ತೀನಿ, ಅದೂ ಗೊತ್ತಾಗ್ಬೇಕಲ್ಲ.

ಮುಂದಿನ ವಾರ ಸಿಗೋಣ. ನಮಸ್ಕಾರ.